ಸಂಬಳ ಎಷ್ಟು ಅಂತ ಕೇಳು, ಪುಟ್ಟಿ

ತುಮಕೂರು

ಪ್ರೀತಿಯ ಪುಟ್ಟಿ,

ನೀನು ಬಾಸ್ಟನ್ನಿನಲ್ಲಿ ತಗೊಂಡ ಕೋಟಿನ ಫೋಟೋ ನೋಡಿದೆ. ಯಾರೋ ಹಾಕಿ ಬಿಟ್ಟಿದ್ದು ಅಂತ ಅಮ್ಮನಿಗೆ ಹೇಳಬೇಡ ಅಂದಿದ್ದೀಯ. ಹೇಳಿಲ್ಲ. ನನ್ನ ಟೈಲರ್ ಕಣ್ಣಿಗೆ ಮಾತ್ರ ಹೊಲಿಗೆ ಗಟ್ಟಿಯಾಗಿದೆ ಅನಿಸಿತು. ಆ ಗುಡ್‌ವಿಲ್ ಅನ್ನೋ ಹಳೇ ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡಿದವರು ಗಾಲಿ ಕುರ್ಚಿಯಲ್ಲಿದ್ದರು, "ನಿನ್ನ ನೆನಪಾಯಿತು ಅಪ್ಪ" ಅಂತಲೂ ನೀನು ಬರೆದಿದ್ದೆ. ಹಾಗಾಗಿ ನಿನ್ನ ತಮ್ಮನ ಕೈಲಿ ಹುಡುಕಿಸಿ ಆ ಸಂಸ್ಥೆಯ ಕಥೆಯನ್ನೆಲ್ಲ ಓದಿದೆ. ನೀನಿರುವ ಊರಲ್ಲೇ ಹುಟ್ಟಿದ್ದಂತೆ ಅದು.

ಎಡ್ಗರ್ ಹೆಲ್ಮ್ಸ್ ಅಂತ ಒಬ್ಬ ಪಾದ್ರಿ. 1895ರಲ್ಲಿ ಬಾಸ್ಟನ್ನಿನ ಸೌತ್ ಎಂಡ್ ಬಡಾವಣೆಯ ಮಾರ್ಗನ್ ಚಾಪೆಲ್‌ಗೆ ಬಂದ. ಸುತ್ತ ಇದ್ದವರು ಬೇರೆ ಬೇರೆ ದೇಶಗಳಿಂದ ಬಂದ ಬಡವರು. ಕೆಲಸ ಇಲ್ಲ, ಭಾಷೆ ಬರಲ್ಲ. ಈತ ಗೋಣಿಚೀಲ ಹಿಡಿದು ಶ್ರೀಮಂತರ ಮನೆ ಬಾಗಿಲಿಗೆ ಹೋಗಿ ಹಳೇ ಬಟ್ಟೆ, ಹಳೇ ಸಾಮಾನು ಕೇಳಿ ತಂದ. ಸುಮ್ನೆ ಹಂಚಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಬಿಟ್ಟಿ ಕೊಟ್ಟರೆ ತಗೊಳ್ಳೋಕೆ ಆ ಜನ ಹಿಂಜರಿದರಂತೆ. ಅದಕ್ಕೆ ಅವರ ಕೈಲೇ ಹರಿದಿದ್ದನ್ನು ಹೊಲಿಸಿ, ಮುರಿದಿದ್ದನ್ನು ರಿಪೇರಿ ಮಾಡಿಸಿ, ಕಡಿಮೆ ಬೆಲೆಗೆ ಮಾರಿದ. ಬಂದ ದುಡ್ಡಿನಲ್ಲಿ ಕೂಲಿ ಕೊಟ್ಟ. 1902ರಲ್ಲಿ ಇದು ಸಂಸ್ಥೆಯೇ ಆಯಿತು. ಗುಡ್‌ವಿಲ್ ಅನ್ನೋ ಹೆಸರು ಮುಂದೆ ಬ್ರೂಕ್ಲಿನ್ನಿನ ಶಾಖೆಯಿಂದ ಬಂತು. ಈಗ ಅಮೆರಿಕ, ಕೆನಡಾ ಸೇರಿ 150ಕ್ಕೂ ಹೆಚ್ಚು ಶಾಖೆಗಳಿವೆ, ಒಂದೊಂದೂ ತನ್ನ ಆಡಳಿತ ತಾನೇ ನೋಡಿಕೊಳ್ಳುತ್ತದೆ.

ಮೊದಲು ಅದು ಅಂಗವಿಕಲರಿಗಾಗಿಯೇ ಶುರುವಾದದ್ದಲ್ಲ, ಗಮನಿಸಿದೆಯಾ? ಬಡವರಿಗೆ ಕೆಲಸ ಕೊಡೋಕೆ ಹುಟ್ಟಿದ್ದು. ಅಂಗವಿಕಲರ ಕಡೆ ಹೆಚ್ಚು ತಿರುಗಿದ್ದು ಆಮೇಲಿನ ದಶಕಗಳಲ್ಲಿ. ದಾನ ಬೇಡ, ಅವಕಾಶ ಕೊಡಿ ಅನ್ನೋದು ಅವರ ಘೋಷಣೆ. ಓದಿದಾಗ ಎದ್ದು ನಿಂತು ಚಪ್ಪಾಳೆ ಹೊಡೆಯೋಣ ಅನಿಸಿತು. ನನ್ನ ಪೋಲಿಯೊ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ಏಳೋದು ತಡ ಆಗುತ್ತಲ್ಲ, ಅಷ್ಟರಲ್ಲಿ ಮುಂದಿನ ಪುಟ ಓದಿಬಿಟ್ಟೆ.

1938ರಲ್ಲಿ ಅಮೆರಿಕದಲ್ಲಿ ಕನಿಷ್ಠ ಕೂಲಿಯ ಕಾನೂನು ಬಂತು. ಅದರ 14ನೇ ಸೆಕ್ಷನ್ನಿನಲ್ಲಿ ಒಂದು ಕಿಂಡಿ ಬಿಟ್ಟರು. ಸರ್ಕಾರದಿಂದ ಸರ್ಟಿಫಿಕೇಟ್ ಪಡೆದರೆ ಅಂಗವಿಕಲರಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬಹುದು. ಹೇಗೆ ಲೆಕ್ಕ ಹಾಕೋದು ಅಂದರೆ, ಒಂದು ಕೆಲಸಕ್ಕೆ ಅಂಗವೈಕಲ್ಯ ಇಲ್ಲದವನಿಗೆ ಎಷ್ಟು ಹೊತ್ತು, ಇವನಿಗೆ ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದು ಅಳೆಯೋದು. ಗುಡ್‌ವಿಲ್‌ನ ಕೆಲವು ಶಾಖೆಗಳೂ ಆ ಸರ್ಟಿಫಿಕೇಟ್ ಇಟ್ಟುಕೊಂಡಿದ್ದವು. 2013ರಲ್ಲಿ ಎನ್‌ಬಿಸಿ ಟಿವಿಯವರು ಬಯಲು ಮಾಡಿದರು: ಪೆನ್ಸಿಲ್ವೇನಿಯಾದಲ್ಲಿ ಕೆಲವರಿಗೆ ಗಂಟೆಗೆ 22 ಸೆಂಟ್, ಅಂದರೆ ಕಾಲು ಡಾಲರಿಗಿಂತಲೂ ಕಡಿಮೆ ಸಿಕ್ಕಿತ್ತು. ದೇಶದ ಕನಿಷ್ಠ ಕೂಲಿ ಆಗ ಗಂಟೆಗೆ 7.25 ಡಾಲರ್. ಎಲ್ಲ ಶಾಖೆಗಳೂ ಹೀಗೆ ಮಾಡುತ್ತಿರಲಿಲ್ಲ, ಅದನ್ನೂ ಹೇಳಬೇಕು. ಕಾನೂನಿಗೆ ವಿರುದ್ಧವೂ ಅಲ್ಲ. ನನಗೆ ಕಸಿವಿಸಿ ಆಗಿದ್ದೇ ಅದಕ್ಕೆ.

ಪೀಸ್ ರೇಟು ಅಂದರೂ ಅದೇ ತಾನೇ, ಜಾಸ್ತಿ ಹೊಲಿದವನಿಗೆ ಜಾಸ್ತಿ ದುಡ್ಡು ಅಂತ ನೀನು ವಾದ ಮಾಡುತ್ತೀಯ, ಗೊತ್ತು. ಅಲ್ಲಮ್ಮ. ನಮ್ಮಲ್ಲಿ ಪ್ಯಾಂಟಿಗೆ ಇಷ್ಟು ಅಂದರೆ ಎಲ್ಲರಿಗೂ ಅಷ್ಟೇ. ಅಲ್ಲಿ ಪಕ್ಕದ ಸೀಟಿನ ಗಟ್ಟಿಮುಟ್ಟಾದವನು ಹರಟೆ ಹೊಡೆದುಕೊಂಡು ಕೂತರೂ ಗಂಟೆ ಲೆಕ್ಕದಲ್ಲಿ ಪೂರ್ತಿ ಕೂಲಿ. ಗಡಿಯಾರ ಹಿಡಿಯೋದು ಒಬ್ಬನ ಮೇಲೆ ಮಾತ್ರ.

ನಮ್ಮವರೇನೂ ಕಡಿಮೆ ಇರಲಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ 26ನೇ ಕಲಂನಲ್ಲೂ ಅಂಗವಿಕಲ ನೌಕರರ ಕೂಲಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸರ್ಕಾರ ಆದೇಶ ಮಾಡೋಕೆ ಅವಕಾಶ ಇಟ್ಟಿದ್ದರು. ಎರಡು ದೇಶ, ಹತ್ತು ವರ್ಷದ ಅಂತರ, ಯೋಚನೆ ಒಂದೇ.

ನಾನು ಮದುವೆಗೆ ಮುಂಚೆ ಒಂದು ಕಡೆ ಕೆಲಸಕ್ಕಿದ್ದ ವಿಷಯ ನಿನಗೆ ಅರ್ಧ ಗೊತ್ತು. ನಮ್ಮಂಥವರಿಗಾಗಿಯೇ ಇದ್ದ ಜಾಗ. ಬ್ಯಾಗ್ ಹೊಲಿಯುತ್ತಿದ್ದೆವು. ಮಧ್ಯಾಹ್ನ ಊಟ ಕೊಡುತ್ತಿದ್ದರು, ಯಾರೂ ಬೈಯುತ್ತಿರಲಿಲ್ಲ. ಯಾರಾದರೂ ದೊಡ್ಡವರು ಬಂದರೆ ನಮ್ಮನ್ನು ಮುಂದೆ ಕೂರಿಸಿ ಫೋಟೋ ತೆಗೆಸುತ್ತಿದ್ದರು. ತಿಂಗಳ ಕೊನೆಗೆ ಕೈಗೆ ಬರುತ್ತಿದ್ದದ್ದು ಬಸ್ ಚಾರ್ಜು ಕಳೆದರೆ ಏನೂ ಇಲ್ಲ. ಒಂದು ಸಲ ಕೇಳಿದೆ. "ನಿಮಗೆ ಕೆಲಸ ಕೊಟ್ಟಿರೋದೇ ದೊಡ್ಡದಲ್ವಾ" ಅಂದರು. ಕೆಟ್ಟ ಜನ ಅಲ್ಲ, ನಿಜವಾಗಲೂ ಹಾಗೇ ನಂಬಿದ್ದರು.

ಆಮೇಲೆ ಮಂಡಿಪೇಟೆಯಲ್ಲಿ ಒಂದು ಟೈಲರ್ ಅಂಗಡಿ ಸೇರಿದೆ. ಎಚ್‌ಎಂಟಿ ವಾಚ್ ಫ್ಯಾಕ್ಟರಿ ಜೋರಾಗಿದ್ದ ಕಾಲ, ಗೌರಿ ಹಬ್ಬ ದೀಪಾವಳಿ ಬಂದರೆ ಅಲ್ಲಿನವರ ಬಟ್ಟೆಯೇ ರಾಶಿ. ಯಜಮಾನರು ನನ್ನ ಕಾಲು ನೋಡಿದರು, ಪೆಡಲ್ ನೋಡಿದರು, ಮಷೀನಿಗೆ ಮೋಟರ್ ಹಾಕಿಸಿದರು. ಅದರ ದುಡ್ಡನ್ನು ಮೂರು ತಿಂಗಳು ನನ್ನ ಕೂಲಿಯಲ್ಲೇ ಹಿಡಿದುಕೊಂಡರು! ಪಕ್ಕಾ ಲೆಕ್ಕದ ಮನುಷ್ಯ. ಬಟ್ಟೆ ಕೆಡಿಸಿದರೆ ಎಲ್ಲರ ಮುಂದೆ ಬೈಗುಳ. ಆದರೆ ಪಕ್ಕದ ಮಷೀನಿನವನಿಗೆಷ್ಟೋ ನನಗೂ ಅಷ್ಟೇ ರೇಟು. ನಿನ್ನ ಅಮ್ಮನ ಮನೆಯವರು ಹುಡುಗ ಎಷ್ಟು ದುಡಿಯುತ್ತಾನೆ ಅಂತ ಕೇಳಿದಾಗ ಹೇಳೋಕೆ ನನ್ನ ಹತ್ತಿರ ಒಂದು ಲೆಕ್ಕ ಇತ್ತು.

ಹಾಗಂತ ಅಂಥ ಸಂಸ್ಥೆಗಳನ್ನೆಲ್ಲ ಮುಚ್ಚಿ ಅನ್ನೋಕೆ ನನ್ನ ಬಾಯಿ ಬರಲ್ಲ. ಗುಬ್ಬಿ ಅತ್ತೆಯ ಮಗನನ್ನೇ ನೋಡು. ಡೌನ್ ಸಿಂಡ್ರೋಮ್ ಇರೋ ಹುಡುಗ. ಹತ್ತಕ್ಕೆ ಡಬ್ಬಿ ಹಿಡಿದು ಹೋಗಿ ಕವರ್ ಅಂಟಿಸಿ ನಾಲ್ಕಕ್ಕೆ ಬರುತ್ತಾನೆ. ದುಡ್ಡಿನ ಮಾತೆತ್ತಿದರೆ ಅತ್ತೆಗೆ ಕೋಪ. "ಇದೂ ನಿಂತರೆ ಮನೇಲಿ ಗೋಡೆ ನೋಡ್ಕೊಂಡು ಕೂರಬೇಕು, ನೀನು ಬಂದು ನೋಡ್ಕೋತೀಯಾ?" ಅಂತಾಳೆ. ನನ್ನ ಹತ್ತಿರ ಉತ್ತರ ಇಲ್ಲ. ಅಮೆರಿಕದಲ್ಲೂ ತಂದೆತಾಯಿಗಳಲ್ಲಿ ಇದೇ ಜಗಳವಂತೆ. 2015ರಲ್ಲಿ ನ್ಯೂ ಹ್ಯಾಂಪ್‌ಶೈರ್ ಕಡಿಮೆ ಕೂಲಿಗೆ ಕಾನೂನು ತಂದು ತಡೆ ಹಾಕಿತು, ಬೇರೆ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು. ಇಡೀ ದೇಶಕ್ಕೆ ಆಗಿಲ್ಲ.

ಬೆಂಗಳೂರಿನ ಎಪಿಡಿ ಅನ್ನೋ ಅಂಗವಿಕಲರ ಸಂಸ್ಥೆ ಗೊತ್ತಲ್ಲ, ಲಿಂಗರಾಜಪುರದ್ದು? 1959ರಲ್ಲಿ ಎನ್.ಎಸ್. ಹೇಮಾ ಶುರು ಮಾಡಿದ್ದು. ಅವರಿಗೂ ಪೋಲಿಯೊ ಆಗಿತ್ತು. ಅಲ್ಲಿ ಕೆಲಸ ಕಲಿಸಿ ಹೊರಗಿನ ಕೆಲಸಕ್ಕೆ ಕಳಿಸುತ್ತಾರೆ. ಅದು ನನಗೆ ಹಿಡಿಸುತ್ತದೆ. ಒಳಗೇ ಕೂಡಿಹಾಕಿಕೊಳ್ಳೋದಕ್ಕಿಂತ ಕಷ್ಟದ ಕೆಲಸ ಅದು.

ಇನ್ನೊಂದು ಸಲ ಆ ಅಂಗಡಿಗೆ ಹೋದರೆ ಹಿಂದಿನ ಕೋಣೆಯಲ್ಲಿ ಬಟ್ಟೆ ಬೇರ್ಪಡಿಸೋರಿಗೆ ಗಂಟೆಗೆ ಎಷ್ಟು ಅಂತ ಕೇಳಿ ಬರೆ. ಸಂಕೋಚ ಪಡಬೇಡ.

ನಮ್ಮ ಅಂಗಡಿಗೆ ಸೋಮವಾರದಿಂದ ಒಬ್ಬ ಹುಡುಗ ಬರುತ್ತಾನೆ. ಕೊರಟಗೆರೆ ಕಡೆಯವನು, ಕಿವಿ ಕೇಳಿಸಲ್ಲ. ಅವರಪ್ಪ "ಏನಾದ್ರೂ ಕೊಡಿ ಸ್ವಾಮಿ, ಸಾಕು" ಅಂದರು. ಕಾಜಾ, ಗುಂಡಿ ಕೆಲಸದಿಂದ ಶುರು ಮಾಡಿಸುತ್ತೇನೆ. ರೇಟು ಗೋಡೆ ಮೇಲೆ ಬರೆದಿರೋದೇ.

ಅಮ್ಮ ಚಟ್ನಿಪುಡಿ ಕಳಿಸುತ್ತಿದ್ದಾಳೆ, ನಿನ್ನ ಸ್ನೇಹಿತೆ ಶನಿವಾರ ಹೊರಡುತ್ತಾಳಂತೆ. ಪಾರ್ಸೆಲ್‌ನಲ್ಲಿ ಎರಡು ಗುಂಡಿ ಇಟ್ಟಿದ್ದೇನೆ, ಕೋಟಿನ ಕೆಳಗಿನದು ಸಡಿಲ ಆದ ಹಾಗಿದೆ.

ಇಂತಿ,
ನಿನ್ನ ಅಪ್ಪ