ಪಾಸ್‌ವರ್ಡ್ ಚೀಟಿ ಇನ್ನೂ ಅಲ್ಲೇ ಇದೆ

ಮಾನ್ಯರೇ,

ಸರ್ಕಾರಿ ಕಚೇರಿಯ ಸರ್ವರ್ ಸ್ಥಗಿತಕ್ಕೆ ಶತ್ರುದೇಶದ ಹ್ಯಾಕರ್‌ಗಳ ಕೈವಾಡ ಎಂಬ ನಿಮ್ಮ ಪತ್ರಿಕೆಯ ನಿನ್ನೆಯ ವರದಿ ಓದಿದೆ. ಕೈವಾಡ ಯಾರದೋ, ಕಾಲುನೋವಂತೂ ನನ್ನದು. ನಾಲ್ಕು ದಿನ ಆ ಕಚೇರಿಯ ಕೌಂಟರಿನ ಮುಂದೆ ನಿಂತಿದ್ದೇನೆ. ಮೊದಲ ದಿನ ‘ಸರ್ವರ್ ಇಲ್ಲ’, ಎರಡನೇ ದಿನ ‘ಊಟವಾದ ಮೇಲೆ ಬನ್ನಿ’, ಮೂರನೇ ದಿನ ‘ಸೋಮವಾರ ನೋಡೋಣ’. ಸೋಮವಾರ ಹೋದರೆ ‘ಇದು ಯುದ್ಧ ಸ್ವಾಮೀ, ಸಹಕರಿಸಿ’ ಎಂಬ ಉಪದೇಶ.

ಸಹಕರಿಸುತ್ತಾ ನಿಂತಾಗ ಕಂಡದ್ದಿಷ್ಟು: ಗುಮಾಸ್ತರ ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿ, ಅದರ ಮೇಲೆ ಪಾಸ್‌ವರ್ಡ್, ಕನ್ನಡಕ ಮರೆತುಹೋಗಿದ್ದ ನನಗೂ ಕಾಣುವಷ್ಟು ದಪ್ಪಕ್ಷರದಲ್ಲಿ. ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಸೂಚನೆ ಬಂದಾಗಲೆಲ್ಲ ನೊಣ ಓಡಿಸಿದಂತೆ ‘ಆಮೇಲೆ’ ಒತ್ತುತ್ತಿದ್ದರು. ಅರ್ಧ ಗಂಟೆಯಲ್ಲಿ ಮೂರು ಸಲ.

2017ರ ಮೇ ತಿಂಗಳಲ್ಲಿ, ಕಂಪ್ಯೂಟರಿಗೆ ಬೀಗ ಹಾಕಿ ಹಣ ಕೇಳುವ ‘ವಾನಾಕ್ರೈ’ ವೈರಸ್ಸಿನ ದಾಳಿಗೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೇ ನಿಂತುಹೋದವು. ಅಮೆರಿಕ, ಬ್ರಿಟನ್ ಎರಡೂ ಉತ್ತರ ಕೊರಿಯಾವನ್ನು ದೂರಿದವು. ಆದರೆ ಆ ವೈರಸ್ ನುಗ್ಗಿದ ತೂತು ಮುಚ್ಚುವ ತೇಪೆಯನ್ನು, ಅಂದರೆ ಅಪ್‌ಡೇಟನ್ನು, ಮೈಕ್ರೊಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಎರಡು ತಿಂಗಳು ‘ಆಮೇಲೆ’ ಒತ್ತುತ್ತಾ ಕುಳಿತವರು ಉತ್ತರ ಕೊರಿಯಾದವರೇ? 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ಸುಮಾರು 2.25 ಲಕ್ಷ ಗ್ರಾಹಕರಿಗೆ ಹ್ಯಾಕರ್‌ಗಳು ಕರೆಂಟ್ ತೆಗೆದರು. ಅಲ್ಲಿನ ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಸ್ವಿಚ್ ಹಾಕಿ ಕೆಲವೇ ಗಂಟೆಗಳಲ್ಲಿ ದೀಪ ಉರಿಸಿದರು. ನಮ್ಮವರಿಗೆ ಕಾಗದದ ರಿಜಿಸ್ಟರ್ ತೆಗೆಯಿರಿ ಎಂದರೆ, ಬೀರುವಿನ ಕೀಲಿ ರಜೆಯಲ್ಲಿರುವವರ ಹತ್ತಿರ ಇದೆಯಂತೆ! 2007ರಲ್ಲಿ ಸೈಬರ್ ದಾಳಿಯ ಪೆಟ್ಟು ತಿಂದ ಎಸ್ಟೋನಿಯಾ ತನ್ನ ಮುಖ್ಯ ದಾಖಲೆಗಳ ನಕಲನ್ನು ಈಗ ಲಕ್ಸೆಂಬರ್ಗ್‌ನಲ್ಲಿಯೂ ಇಟ್ಟಿದೆ. ಇಲ್ಲಿನ ನಕಲು ಅದೇ ಕೋಣೆಯಲ್ಲಿ, ಅದೇ ಮೇಜಿನ ಕೆಳಗೆ.

ಹಿಂದೊಮ್ಮೆ ನನ್ನ ಕಡತ ಕಾಣೆಯಾದಾಗ ಇಲಿ ತಿಂದಿತು ಎಂದಿದ್ದರು. ಅದಕ್ಕೂ ಮೊದಲು ಮಳೆ ನೀರು. ಇಲಿಗಿಂತ ಶತ್ರುದೇಶ ಮರ್ಯಾದೆಯ ನೆಪ, ಒಪ್ಪಿದೆ. ಆ ಕಡತ ಸಿಕ್ಕಾಗ ನನ್ನ ತಂದೆಯ ಹೆಸರೇ ಬದಲಾಗಿತ್ತು. ಅದನ್ನು ತಿದ್ದಿಸಲು ಮತ್ತೊಂದು ವರ್ಷ ಅಲೆದೆ. ಅದು ಯಾವ ದೇಶದ ದಾಳಿಯೋ ಕೇಳಬೇಕಿತ್ತು.

ಈಗ ಮೇಲಧಿಕಾರಿಗಳು ‘ತಕ್ಕ ಪ್ರತಿದಾಳಿ ಮಾಡುತ್ತೇವೆ’ ಎಂದು ಗುಡುಗಿದ್ದಾರೆ. ಯಾವ ಕಂಪ್ಯೂಟರಿನಿಂದ? ಚೀಟಿ ಅಂಟಿಸಿದ ಅದರಿಂದಲೇ? ಈ ಬಗ್ಗೆ ಉನ್ನತ ಮಟ್ಟದ ತನಿಖೆಯಾಗಲಿ, ತಪ್ಪಿತಸ್ಥರನ್ನು ಮನೆಗೆ ಕಳುಹಿಸಲಿ. ಅಥವಾ ತನಿಖೆಯೂ ಬೇಡ, ಕಳುಹಿಸುವುದೂ ಬೇಡ, ಒಂದು ನೆಟ್ಟಗಿನ ರಕ್ಷಣಾ ವ್ಯವಸ್ಥೆ ಮಾಡಲಿ. ಏನಾದರೂ ಮಾಡಲಿ. ಗುರುವಾರ ಮತ್ತೆ ಬರಲು ಹೇಳಿದ್ದಾರೆ. ಅಷ್ಟರೊಳಗೆ ಆ ಚೀಟಿಯನ್ನಾದರೂ ಕೀಳಬಾರದೇ?

– ಬೇಸತ್ತ ನಾಗರಿಕ