ಕುಡಿತ ಬಿಟ್ಟ ಮೂರನೇ ದಿನ

ಮಾನ್ಯ ಸಂಪಾದಕರೇ,

ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಜಾಥಾಗಳು ಮುಗಿದವು. ಮಕ್ಕಳು ಫಲಕ ಹಿಡಿದರು, ಅಧಿಕಾರಿಗಳು ಪ್ರತಿಜ್ಞೆ ಬೋಧಿಸಿದರು, ‘ಇಂದೇ ಬಿಡಿ’ ಎಂದು ಮೈಕಿನಲ್ಲಿ ಕೂಗಿದ್ದೂ ಆಯಿತು. ಬೀಡಿ, ಸಿಗರೇಟು, ಜರ್ದಾ ವಿಷಯದಲ್ಲಿ ಈ ಮಾತು ನೂರಕ್ಕೆ ನೂರು ಸರಿ. ಮೊದಲ ಮೂರು ದಿನ ಸಿಡುಕು, ಚಡಪಡಿಕೆ ಹೆಚ್ಚಿರುತ್ತದೆ, ಜೀವಕ್ಕೆ ಅಪಾಯವಿಲ್ಲ. ಹತ್ತಾರು ವರ್ಷ ದಿನವೂ ಕುಡಿದವನಿಗೆ ಅದೇ ಮಾತು ಹೇಳಿ ಮನೆಗೆ ಕಳಿಸಿದರೆ ಅವನ ಪ್ರಾಣವೇ ಹೋಗಬಹುದು. ಇದನ್ನು ಯಾವ ವೇದಿಕೆಯಲ್ಲೂ ಹೇಳುವುದಿಲ್ಲ.

ಶ್ರಾವಣ ಹತ್ತಿರವಾಯಿತು. ಮೀನು ಮಾಂಸ ಬಿಡುವ ಮನೆಗಳಲ್ಲಿ ಕುಡಿತವೂ ಮೊದಲ ದಿನವೇ ನಿಲ್ಲುತ್ತದೆ. ಚಳಿಗಾಲಕ್ಕೆ ಅಯ್ಯಪ್ಪ ಮಾಲೆ. ಕಾಲು ಮುರಿದು ಆಸ್ಪತ್ರೆ ಸೇರಿದವನು, ಜೈಲಿಗೆ ಹೋದವನು, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಕೈಯಲ್ಲಿ ಕಾಸಿಲ್ಲದ ಬೋಟಿನ ಖಲಾಸಿ, ಇವರೆಲ್ಲ ಬಿಡುವ ಕಾರಣ ಬೇರೆ ಬೇರೆ. ಬಿಟ್ಟ ಮೇಲೆ ಮೈಯಲ್ಲಿ ಆಗುವುದು ಒಂದೇ.

ಮದ್ಯ ಮಿದುಳನ್ನು ಮಂದ ಮಾಡುತ್ತದೆ. ದಿನವೂ ಹೀಗಾದರೆ ಮಿದುಳು ಅದಕ್ಕೆ ಎದುರಾಗಿ ತನ್ನನ್ನೇ ಕೆರಳಿಸಿಕೊಂಡು ಸಮ ಮಾಡಿಕೊಳ್ಳುತ್ತದೆ. ಹಗ್ಗ ಜಗ್ಗುವಾಗ ಎದುರಿನವರು ಒಮ್ಮೆಲೇ ಕೈಬಿಟ್ಟರೆ ಏನಾಗುತ್ತದೋ, ಮದ್ಯ ಥಟ್ಟನೆ ನಿಂತಾಗ ಮಿದುಳಿಗೂ ಅದೇ ಆಗುತ್ತದೆ. ಕೊನೆಯ ಗುಟುಕಾದ 6ರಿಂದ 12 ಗಂಟೆಯಲ್ಲಿ ಕೈನಡುಕ, ಬೆವರು, ವಾಕರಿಕೆ ಶುರು. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಅತಿ ಕೆಟ್ಟದ್ದು ಬರುವುದು 48 ಗಂಟೆ ದಾಟಿದ ಮೇಲೆ, ಮೂರು ನಾಲ್ಕನೇ ದಿನ: ಮೈ ಬಿಸಿ, ಜೋರಾದ ಎದೆಬಡಿತ, ಹಗಲು ರಾತ್ರಿ ತಿಳಿಯದ ಗೊಂದಲ, ಗೋಡೆಯ ಮೇಲೆ ಇಲ್ಲದ ಹುಳು, ಹಾವು. ಡೆಲಿರಿಯಂ ಟ್ರೆಮೆನ್ಸ್ ಎನ್ನುವುದು ಇದಕ್ಕೇ. ಮೀನುಗಾರ ಹಾಸಿಗೆಯಲ್ಲೇ ಬಲೆ ಎಳೆಯುತ್ತಾನೆ, ತೋಟದವನು ಅಡಿಕೆ ಸುಲಿಯುತ್ತಾನೆ, ಚಾಲಕ ಗೇರು ಹಾಕುತ್ತಾನೆ. ಮನೆಯವರು ಗಾಳಿ ಸೋಕಿತೆಂದು ನೋಟ ನೋಡಿಸಲು ಹೊರಡುತ್ತಾರೆ. ವ್ರತದ ನಡುವೆ ಆದರಂತೂ ದೇವರು ಮುನಿದನೆಂದೇ ಲೆಕ್ಕ. ದೇವರಿಗೆ ಕಾಯಿ ಒಡೆಯಿರಿ, ಬೇಡವೆನ್ನುವುದಿಲ್ಲ. ಆದರೆ ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಕೂತುಕೊಂಡೇ ಹರಕೆ ಹೊರಿ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾಯುವವರಿದ್ದಾರೆ, ಸಮಯಕ್ಕೆ ಸಿಕ್ಕರೆ ಬಹುತೇಕ ಎಲ್ಲರೂ ಉಳಿಯುತ್ತಾರೆ.

ಎಲ್ಲ ಕುಡುಕರಿಗೂ ಹೀಗಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿಯಬೇಕಾದವರು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದವರು, ಕಾಮಾಲೆ, ಜ್ವರ, ತಲೆಗೆ ಪೆಟ್ಟು ಇರುವವರು, ಜೊತೆಗೆ ನಿದ್ದೆಮಾತ್ರೆ ನುಂಗುವವರು, ವಯಸ್ಸಾದವರು – ಇವರು ಆಸ್ಪತ್ರೆಯಲ್ಲಿದ್ದೇ ಬಿಡಬೇಕು. ಪ್ರಮಾಣದ ಅಂದಾಜಿಗೆ, ಶೇ 42.8ರ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ.ನಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಮಾಜಾಳಿ ಗಡಿಯಾಚೆ ಗೋವಾದಲ್ಲಿ ಅಗ್ಗಕ್ಕೆ ಸಿಗುವ ಬಾಟಲಿಯಾದರೂ ಲೆಕ್ಕ ಅದೇ. ದಿನಕ್ಕೆ ಇಷ್ಟು, ವರ್ಷಗಟ್ಟಲೆ ಕುಡಿದವನು ವೈದ್ಯರಿಗೆ ತೋರಿಸದೆ ಥಟ್ಟನೆ ನಿಲ್ಲಿಸಬಾರದು. ತೋರಿಸುವ ದಿನದವರೆಗೆ ಸ್ವಲ್ಪ ಸ್ವಲ್ಪವೇ ಇಳಿಸಲಿ. ‘ಕಳೆದ ಶ್ರಾವಣದಲ್ಲಿ ಬಿಟ್ಟಿದ್ದ, ಕೈ ನಡುಗಿದ್ದು ಬಿಟ್ಟರೆ ಏನೂ ಆಗಿರಲಿಲ್ಲ’ ಎಂಬ ಧೈರ್ಯವೂ ಬೇಡ. ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟಂತೆಲ್ಲ ಮಿದುಳು ಇನ್ನಷ್ಟು ಕೆರಳುತ್ತದೆ. ಹೋದ ವರ್ಷ ನಡುಕಕ್ಕೆ ಮುಗಿದದ್ದು ಈ ವರ್ಷ ಫಿಟ್ಸ್ ಆಗಬಹುದು.

ಆಸ್ಪತ್ರೆಯಲ್ಲಿ ಮಾಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಕೆರಳಿದ ಮಿದುಳನ್ನು ಶಾಂತ ಮಾಡುವ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಕೊಟ್ಟು, ಸುಮಾರು ಒಂದು ವಾರದಲ್ಲಿ ಇಳಿಸಿ ನಿಲ್ಲಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಕುಡಿಯುವವನು ಊಟ ಬಿಡುತ್ತಾನೆ, ತಿಂದರೂ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. (ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಬಿ1 ಹೆಚ್ಚು, ಉಣ್ಣದವನಿಗೆ ಅದರಿಂದೇನು?) ಸುಸ್ತಾಗಿದ್ದಾನೆಂದು ಮೊದಲೇ ಗ್ಲೂಕೋಸ್ ಬಾಟಲಿ ಏರಿಸಿದರೆ ಉಳಿದಿದ್ದ ಚೂರು ಬಿ1 ಕೂಡ ಅದನ್ನು ಅರಗಿಸಲು ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಕಣ್ಣಿಗೆ ಎರಡೆರಡು ಕಾಣುವುದು, ಕಾಲು ತಪ್ಪುವುದು, ಗೊಂದಲ ಇದರ ಗುರುತು. ತಡವಾದರೆ ನೆನಪು ಮರಳುವುದಿಲ್ಲ. ಆದ್ದರಿಂದ ಥಯಾಮಿನ್ ಚುಚ್ಚುಮದ್ದು ಮೊದಲು, ಗ್ಲೂಕೋಸ್ ಆಮೇಲೆ. ಬಿಟ್ಟ ಮೇಲೂ ತೂರಾಡುತ್ತಿದ್ದಾನೆಂದರೆ ಕದ್ದು ಕುಡಿದನೆಂದು ಬೈಯುವ ಮುನ್ನ ಇದು ನೆನಪಿರಲಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ, ನೀರು ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು 108ಕ್ಕೆ ಕರೆ ಮಾಡಿ. ಭ್ರಮೆಯಲ್ಲಿರುವವನನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಬೇಡಿ, ದೀಪ ಉರಿಯುತ್ತಿರಲಿ, ಗುರುತಿನವರೊಬ್ಬರೇ ಪಕ್ಕದಲ್ಲಿರಲಿ.

ಈಗ ಪತ್ರಿಕೆಗಳ ಕಡೆಗೂ ಒಂದು ಮಾತು, ತಮ್ಮದೂ ಸೇರಿ. ‘ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಪುಡಿಯ ಜಾಹೀರಾತುಗಳನ್ನು ದಯವಿಟ್ಟು ನಿಲ್ಲಿಸಿ. ಒಳಗೇನಿದೆಯೆಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧವಾಗಿದ್ದರೆ, ಅದು ಹೊಟ್ಟೆಯಲ್ಲಿರುವಾಗ ಕುಡಿದವನಿಗೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಅಲ್ಲೇ ಮುಗಿಯಬಹುದು. ಅದು ಒಳ್ಳೆಯ ಔಷಧವೇ. ಆದರೆ ಕುಡಿಯುವವನಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ಕೊನೆಯ ಗುಟುಕಾಗಿ ಕನಿಷ್ಠ 12 ಗಂಟೆ ಕಳೆದ ಮೇಲೆ ಕೊಡುವಂಥದ್ದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದೆ. ಆ ಅವಧಿಯಲ್ಲಿ ದಶಮೂಲಾರಿಷ್ಟದಂಥ ಅರಿಷ್ಟವೂ ಬೇಡ, ಅದರಲ್ಲೂ ಆಲ್ಕೋಹಾಲ್ ಇರುತ್ತದೆ.

ಉಳಿದ ವ್ಯಸನಗಳಲ್ಲಿ ಒಂದೊಂದರ ಗುಣ ಒಂದೊಂದು. ಅಲ್ಪ್ರಜೋಲಾಮ್, ನೈಟ್ರಜೆಪಾಮ್ ಮಾತ್ರೆಗಳು ಮದ್ಯದಂತೆಯೇ. ವರ್ಷಗಳಿಂದ ಅದೇ ಹಳೆ ಚೀಟಿಯಲ್ಲಿ ನಿದ್ದೆಮಾತ್ರೆ ತರಿಸಿಕೊಳ್ಳುವ ಅಜ್ಜಿಯಂದಿರಿಗೂ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ವಾರಗಟ್ಟಲೆ ಇಳಿಸುತ್ತ ಬರಬೇಕು. ಟ್ರಮಡಾಲ್, ಟಪೆಂಟಡಾಲ್ ನೋವಿನ ಮಾತ್ರೆ ಬಿಟ್ಟವನಿಗೆ ಮೂಗು ಸೋರುವುದು, ಭೇದಿ, ಮೈಕೈ ಸೆಳೆತ, ಸಾಮಾನ್ಯವಾಗಿ ಸಾವಿಲ್ಲ. ಸಾವು ಕಾದಿರುವುದು ಆಮೇಲೆ. ಎರಡು ವಾರ ಬಿಟ್ಟ ಮೈಗೆ ಹಳೆಯ ಪ್ರಮಾಣ ತಡೆಯುವುದಿಲ್ಲ, ಮತ್ತೆ ಅಷ್ಟೇ ನುಂಗಿದರೆ ಉಸಿರು ನಿಲ್ಲಬಹುದು. ಗಾಂಜಾ ಬಿಟ್ಟರೆ ಒಂದೆರಡು ವಾರ ನಿದ್ದೆಗೇಡು, ಸಿಟ್ಟು, ಅಷ್ಟೇ. ಆದರೆ ಕಾಲೇಜು ಹುಡುಗ ‘ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಾರೆ’ ಎನ್ನತೊಡಗಿದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಪೊಲೀಸ್ ಕೇಸಾದೀತೆಂದು ಮನೆಯವರು ಮುಚ್ಚಿಡುತ್ತಾರೆ. 1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಕಾನೂನು ಕ್ರಮದಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ವಿಚಾರಿಸಲು ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416.

ಉತ್ತರ ಕನ್ನಡ ಜಿಲ್ಲಾಡಳಿತದಲ್ಲಿ ಕೇಳುವುದಿಷ್ಟೆ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಘಟ್ಟದ ಮೇಲಿನ ತಾಲ್ಲೂಕು ಆಸ್ಪತ್ರೆಗಳಲ್ಲೂ ಕುಡಿತ ಬಿಡುವವರಿಗೆಂದು ಎರಡೆರಡು ಹಾಸಿಗೆ, ಥಯಾಮಿನ್ ಮತ್ತು ಲೊರಾಜೆಪಾಮ್ ಚುಚ್ಚುಮದ್ದು ಸದಾ ಇರಲಿ. ಮನೋವೈದ್ಯರು ಬರುವ ಮಂಗಳವಾರಕ್ಕೆ ಕಾಯುವ ಕಾಯಿಲೆ ಇದಲ್ಲ. ನಡುಗುತ್ತಿರುವವನನ್ನು ಅರಬೈಲ್ ಘಟ್ಟ ಹತ್ತಿಸಿ ಧಾರವಾಡದ ಮಾನಸಿಕ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ದಾರಿಯಲ್ಲೇ ಫಿಟ್ಸ್ ಬರುತ್ತದೆ. ಮದ್ಯವರ್ಜನ ಶಿಬಿರ ನಡೆಸುವವರು ಸೇರಿಸಿಕೊಳ್ಳುವ ದಿನವೇ ‘ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ’ ಎಂದು ಕೇಳಿ ಬರೆದಿಡಲಿ.

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಬೈತಖೋಲ ಬಂದರಿನಲ್ಲಾಗಲಿ ತದಡಿಯಲ್ಲಾಗಲಿ, ವಾರಗಟ್ಟಲೆ ಹೊರಗಿರುವ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಹಗ್ಗ ಬಿಚ್ಚುವ ಮೊದಲು ಪ್ರತಿ ಖಲಾಸಿಯನ್ನೂ ಇವೇ ಎರಡು ಪ್ರಶ್ನೆ ಕೇಳಬೇಕು. ನಿನ್ನೆ ಮೊನ್ನೆಯವರೆಗೂ ದಿನವೂ ಕುಡಿಯುತ್ತಿದ್ದವನು, ಹಿಂದೆ ಫಿಟ್ಸ್ ಬಂದಿತ್ತೆಂದವನು ದಡದಲ್ಲೇ ಉಳಿದು ಆಸ್ಪತ್ರೆಗೆ ಹೋಗಲಿ. ನಡುಗಡಲಲ್ಲಿ ಮೂರನೇ ರಾತ್ರಿ ಭ್ರಮೆ ಹತ್ತಿದವನು ನೀರಿಗೆ ಹಾರಬಹುದು. ಅಲ್ಲಿಂದ ನೆರವು ಕೇಳಲು ವಿಎಚ್‌ಎಫ್ 16ನೇ ಚಾನೆಲ್, ಸಿಗ್ನಲ್ ಇದ್ದರೆ ಕರಾವಳಿ ಕಾವಲು ಪಡೆಯ 1554.

– ಒಬ್ಬ ಮನೋವೈದ್ಯ, ಕುಮಟಾ