ಆಶೆಯ ಕಾಲು ನೆನೆಯಿತೇ?

ಪ್ರಿಯ ಮಿತ್ರರೇ,

ನಿಮ್ಮ ಅನುವಾದವನ್ನು ಎರಡು ಸಲ ಓದಿದೆ. ಮೂಲದಲ್ಲಿ ಡಿಸ್ಪೇರ್, ಫರ್ಲಾರ್ನ್, ಡೆಸೊಲೇಟ್ ಎಂದು ಮೂರು ಬೇರೆ ಬೇರೆ ಪದಗಳಿರುವಲ್ಲೆಲ್ಲ ನೀವು ‘ಹತಾಶೆ’ಯೊಂದನ್ನೇ ಇಟ್ಟು ಮುಂದೆ ಸಾಗಿದ್ದೀರಿ. ಇದಕ್ಕಾಗಿ ನಿಮ್ಮನ್ನು ಗದರಿಸುವ ಯೋಗ್ಯತೆ ನನಗಿಲ್ಲ.

ನಿಮ್ಮ ವಯಸ್ಸಿನಲ್ಲಿ ನಾನು, 1799ರ ಮೇ 4ರಂದು ಬ್ರಿಟಿಷರು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ವೃತ್ತಾಂತವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ‘ಫರ್ಲಾರ್ನ್ ಹೋಪ್’ ಎಂಬ ಮಾತು ಎದುರಾದಾಗ ನಿಘಂಟು ತೆರೆಯುವ ತಾಳ್ಮೆಯಿಲ್ಲದೆ, ‘ಕ್ಷೀಣವಾದ ಆಶೆಯೊಂದು ಕಾವೇರಿಯನ್ನು ದಾಟಿ ಒಡೆದ ಗೋಡೆಯನ್ನು ಏರಿತು’ ಎಂದು ಬರೆದುಬಿಟ್ಟೆ. ಕರಡು ತಿದ್ದುತ್ತಿದ್ದ ಹಿರಿಯರು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದದ್ದು ಇಷ್ಟೇ: ‘ಆಶೆಯ ಕಾಲು ನೆನೆಯಿತೇ?’

‘ಫರ್ಲಾರ್ನ್ ಹೋಪ್’ ಎಂಬುದರ ಮೂಲ ಡಚ್ ಭಾಷೆಯ ‘ಫರ್ಲೋರೆನ್ ಹೋಪ್’. ಅಲ್ಲಿ ಫರ್ಲೋರೆನ್ ಎಂದರೆ ಕಳೆದುಹೋದ, ಹೋಪ್ ಎಂದರೆ ರಾಶಿ, ಗುಂಪು, ದಂಡು. ಇಂಗ್ಲಿಷಿನ ‘ಹೀಪ್’ ಅದರ ದಾಯಾದಿ. ಎಲ್ಲರಿಗಿಂತ ಮೊದಲು ನುಗ್ಗುವ, ಬಹುಪಾಲು ಮಂದಿ ಮರಳುವುದಿಲ್ಲವೆಂದು ಹೊರಡುವಾಗಲೇ ಗೊತ್ತಿರುವ ಸಣ್ಣ ತುಕಡಿಗೆ ಆ ಹೆಸರು. ಇಂಗ್ಲಿಷರು ಹದಿನಾರನೆಯ ಶತಮಾನದಲ್ಲಿ ಅದನ್ನು ತಮ್ಮ ಕಿವಿಗೆ ಒಗ್ಗಿದಂತೆ ಕೇಳಿಸಿಕೊಂಡು ದಂಡನ್ನು ಆಶೆಯಾಗಿಸಿದರು. ಈಗ ಇಂಗ್ಲಿಷಿನಲ್ಲೂ ನಾನು ಬರೆದ ಅರ್ಥವೇ ಹೆಚ್ಚು ಚಾಲ್ತಿಯಲ್ಲಿದೆ ಎಂಬುದು ನನಗೆ ತಡವಾಗಿ ಸಿಕ್ಕ ಸಮಾಧಾನ.

ನಿಮ್ಮ ಮೂರು ಪದಗಳಿಗೆ ಬರುತ್ತೇನೆ. ಡಿಸ್ಪೇರ್ ಎಂಬುದರೊಳಗೆ ಆಶಿಸು ಎಂಬರ್ಥದ ಲ್ಯಾಟಿನ್ ಕ್ರಿಯಾಪದವಿದೆ, ಮುಂದಿನ ‘ಡಿ’ ಅದನ್ನು ಕಳಚಿಹಾಕುತ್ತದೆ; ಹಾಗಾಗಿ ‘ನಿರಾಶೆ’ಯ ಕಟ್ಟಡ ಅದಕ್ಕೆ ಹತ್ತಿರ. ನಿಮ್ಮ ‘ಹತಾಶೆ’ಯಲ್ಲಾದರೋ ಆಶೆ ಇಲ್ಲವಾಗಿರುವುದಷ್ಟೇ ಅಲ್ಲ, ಅದನ್ನು ಯಾರೋ ಕೊಂದಿದ್ದಾರೆ. ಫರ್ಲಾರ್ನ್ ಹಳೆಯ ಇಂಗ್ಲಿಷಿನ ‘ಕಳೆದುಕೊಳ್ಳು’ ಎಂಬ ಧಾತುವಿನಿಂದ ಬಂದದ್ದು, ಮೂಲದಲ್ಲಿ ಆ ವಿಶೇಷಣ ಹೊತ್ತ ಮುದುಕನಿಗೆ ‘ದಿಕ್ಕಿಲ್ಲದ’ ಎಂದರೆ ಸಾಕು. ಡೆಸೊಲೇಟ್ ಪದದೊಳಗಿರುವುದು ಒಂಟಿ ಎಂಬರ್ಥದ ‘ಸೋಲಸ್’. ಮಗಳು ಊರು ಬಿಟ್ಟ ಮೇಲಿನ ಅಂಗಳವನ್ನು ಮೂಲದ ಲೇಖಕರು ಹಾಗೆ ಕರೆದಿದ್ದಾರೆ, ಮತ್ತು ಅಂಗಳಕ್ಕೆ ಹತಾಶೆಯಾಗುವುದಿಲ್ಲ, ಅದು ಬಿಕೋ ಎನ್ನುತ್ತದೆ.

ಇನ್ನು ನೀವು ‘ವಿನಾಶ’ ಎಂದಿರುವ ರೂಯಿನ್ ಪದದ ಲ್ಯಾಟಿನ್ ಬೇರಿನಲ್ಲಿ ಧೊಪ್ಪನೆ ಕುಸಿಯುವ ಚಿತ್ರವಿದೆ. ಕನ್ನಡದಲ್ಲಿಯೂ ಮನೆ ಪಾಳು ‘ಬೀಳುತ್ತದೆ’, ಆದ್ದರಿಂದ ಅಲ್ಲಿ ‘ವಿನಾಶ’ವನ್ನು ಎಳೆತರಬೇಕಾಗಿಲ್ಲ.

ಆದರೆ ಬೇರು ಹುಡುಕುವ ಚಟ ಹತ್ತಿದ ಮೇಲೆ ಇನ್ನೊಂದು ಅಪಾಯವಿದೆ. ಡಿಸಾಸ್ಟರ್ ಎಂಬುದು ಇಟಾಲಿಯನ್ ಭಾಷೆಯಿಂದ ಬಂದದ್ದು, ಅದರೊಳಗೊಂದು ಕೆಟ್ಟ ನಕ್ಷತ್ರವಿದೆ ಎಂದು ತಿಳಿದ ಸಂಭ್ರಮದಲ್ಲಿ ನೆರೆಹಾವಳಿಯ ವರದಿಯಲ್ಲಿ ಆ ಪದಕ್ಕೆ ‘ಗ್ರಹಚಾರ’ ಎಂದು ಬರೆಯಬೇಡಿ. ಆ ವರದಿಗಾರ ಆಕಾಶ ನೋಡುತ್ತಿರಲಿಲ್ಲ, ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ.

ಮೊದಲು ಆ ಅಂಗಳದ ಪುಟವನ್ನು ತಿದ್ದಿ ಕಳುಹಿಸಿ. ಅಕ್ಷರಗಳು ಸ್ವಲ್ಪ ದೊಡ್ಡದಾಗಿರಲಿ, ನನ್ನ ಕನ್ನಡಕದ ನಂಬರು ಮತ್ತೆ ಏರಿದೆ.

ನಿಮ್ಮವ